ಜೇನು ಕಚ್ಚಿದ ಕೈ

ದಸರೆ ರಜೆಗೆ ಲೋಂಡಾಕ್ಕೆ ಬಂದ ಮೊಮ್ಮಗ ಹಿತ್ತಲಿನ ಪೇರಲ ಗಿಡ ಹತ್ತಿದ್ದ. ಜೇನುಹುಳ ಕೈಗೆ ಕಚ್ಚಿತು. ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದು ತಣ್ಣೀರ ಬಟ್ಟೆ ಸುತ್ತಿದೆ. ಅಷ್ಟರಲ್ಲಿ ಕೈ ಪೂರಿಯಂತೆ ಉಬ್ಬಿತ್ತು.

“ಅಜ್ಜಾ, ಇಷ್ಟ ಸಣ್ಣ ಮುಳ್ಳಿಗೆ ಇಷ್ಟ ದೊಡ್ಡ ಬಾವು?”

ಮಕ್ಕಳೇ, ನಮ್ಮ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆ ಇದೆ. ಜೇನಿನ ವಿಷದಲ್ಲಿರುವ ಒಂದು ಕಿಣ್ವ ಆ ಪೊರೆಯನ್ನು ಕತ್ತರಿಸುತ್ತದೆ. ಉದುರಿದ ಕೊಬ್ಬಿನ ಚೂರಿನಿಂದ ಕೋಶವು ಪ್ರೊಸ್ಟಗ್ಲಾಂಡಿನ್ ಎಂಬ ಸುದ್ದಿಗಾರನನ್ನು ತಯಾರಿಸುತ್ತದೆ. ಇವನು ಊರೆಲ್ಲ ತಿರುಗುವವನಲ್ಲ. ಅಕ್ಕಪಕ್ಕದ ಕೋಶಗಳಿಗೆ ‘ಅಪಾಯ!’ ಎಂದು ಕೂಗಿ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತಾನೆ. ರಕ್ತನಾಳ ಹಿಗ್ಗುತ್ತದೆ, ರಕ್ತ ನುಗ್ಗುತ್ತದೆ. ಅದಕ್ಕೇ ಕೆಂಪು, ಬಿಸಿ, ನೋವು.

ಆಸ್ಪಿರಿನ್ ಗುಳಿಗೆ ಈ ಸುದ್ದಿಗಾರನ ತಯಾರಿಯನ್ನೇ ತಡೆಯುತ್ತದೆಂದು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರಿಗೂ ನೊಬೆಲ್ ಬಂತು. ಆದರೆ ಹೊಟ್ಟೆಯ ಒಳಪದರ ಕಾಯುವವನೂ ಇವನೇ. ಮಂಡಿನೋವಿಗೆಂದು ಗುಳಿಗೆ ನುಂಗುವ ನಮ್ಮಂಥ ಮುದುಕರ ಹೊಟ್ಟೆ ಉರಿಯುವುದು ಅದಕ್ಕೇ. (ನಮ್ಮ ಮನೆಯಾಕೆ ಓದಲೆಂದೇ ಇದನ್ನು ಬರೆದೆ.) ಮಕ್ಕಳಿಗಂತೂ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬೇಡಿ. ಜೇನು ಕಚ್ಚಿ ತುಟಿ ಊದಿದರೆ, ಉಸಿರು ಕಟ್ಟಿದರೆ, ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ.

ಮೊಮ್ಮಗನ ಕೈ ಮೂರನೇ ದಿನಕ್ಕೆ ಇಳಿಯಿತು. ಪೇರಲಹಣ್ಣು ಇನ್ನೂ ಗಿಡದಲ್ಲೇ ಇದೆ.