ನಡುಗಾಲದ ಗೆಲುವು ಉಳಿದೀತೆ?

2024ರ ನವೆಂಬರಿನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು, ಮೂರಕ್ಕೆ ಮೂರೂ ಉಪಚುನಾವಣೆ ಗೆದ್ದು ಕಾಂಗ್ರೆಸ್ ಹಿಗ್ಗಿತು. ಅವಧಿಯ ನಡುವೆ ಸಿಕ್ಕ ಇಂಥ ಗೆಲುವು ಉಳಿದೀತೆ? ಹಳೆಯ ಕಡತ ಬಿಚ್ಚಿದರೆ ಉತ್ತರ ಅಲ್ಲೇ ಇದೆ.

1984ರ ಡಿಸೆಂಬರಿನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ಮಾರ್ಚಿನ ಮಧ್ಯಂತರ ಚುನಾವಣೆಯಲ್ಲಿ ಅದೇ ಮತದಾರ 224ರಲ್ಲಿ 139 ಕೊಟ್ಟ. ದಿಲ್ಲಿಗೊಂದು ಲೆಕ್ಕ, ಬೆಂಗಳೂರಿಗೊಂದು ಲೆಕ್ಕ!

ಕೆಲಸ ಆಗಲಿಲ್ಲ ಅಂತೇನಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು ಬಂತು, ಹೆಂಗಸರಿಗೆ ಶೇ. 25 ಮೀಸಲು ಸಿಕ್ಕಿತು. ಹಳ್ಳಿಗಳಿಗೆ ಕೊಳವೆಬಾವಿ ಕೊಡಿಸಿದ ಮಂತ್ರಿ ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಅಂತಲೇ ಕರೆದರು.

ಕೆಟ್ಟಿದ್ದು ಮನೆಯೊಳಗೆ. ಕುರ್ಚಿ ಜಗಳ ಬೀದಿಗೆ ಬಂತು. 1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಹೆಗಡೆ ಇಳಿದರು. 1989ರ ಏಪ್ರಿಲಿನಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆಯಿತು. ಅದೇ ನವೆಂಬರಿನಲ್ಲಿ ಕಾಂಗ್ರೆಸ್ಸಿಗೆ 178, ಜನತಾ ದಳಕ್ಕೆ 24!

ಮತ ಹೆಸರಿಗಷ್ಟೆ ದಾನ, ನಿಜಕ್ಕೂ ಕೈಗಡ. ಮೂರು ಗೆದ್ದವರೂ ಎದುರಾಳಿಯನ್ನು ಎಣಿಸುವ ಮೊದಲು ಒಳಮನೆ ನೋಡಿಕೊಳ್ಳುವುದು ಲೇಸು. ಸಾಲ ಕೊಟ್ಟವನು ಮರೆಯುವುದಿಲ್ಲ.