ನೀರಿನ ಲೆಕ್ಕ ಕೇಳಿದರೆ ‘ನೀವು ಯಾರ ಕಡೆ?’ ಅನ್ನುವುದೇಕೆ



ಮಳೆಗಾಲ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೃಷ್ಣೆಯದೇ ಮಾತು. ಶಿಕ್ಷಕರು, ವಕೀಲರು, ಇಂಜಿನಿಯರುಗಳು, ಬೀಜ-ಗೊಬ್ಬರದ ಅಂಗಡಿಯವರು ಕೆಲಸದ ಮಾತಿಗೆಂದು ಕಟ್ಟಿಕೊಂಡ ಗುಂಪುಗಳಿವು. ರಾಯಚೂರು, ಯಾದಗಿರಿಯವರೂ ಇವುಗಳಲ್ಲಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ಆಲಮಟ್ಟಿ ಎತ್ತರಿಸಿದರೆ ಮುಳುಗುವ ಜಮೀನಿಗೆ ಪರಿಹಾರ ನಿಗದಿ ಮಾಡಿತು: ನೀರಾವರಿ ಎಕರೆಗೆ 40 ಲಕ್ಷ ರೂಪಾಯಿ, ಖುಷ್ಕಿಗೆ 30 ಲಕ್ಷ. ತೆಲಂಗಾಣ ಸರ್ಕಾರ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಎದುರಿಸುವುದಾಗಿ ಹೇಳಿತು. ಇಂಥ ಸುದ್ದಿ ಬಂದ ದಿನ ಒಬ್ಬರ ಮಾತಿಗೆ ಇನ್ನೊಬ್ಬರು ಕೊಡುವ ಉತ್ತರ ನಾಲ್ಕನೇ ಸಂದೇಶದ ಹೊತ್ತಿಗೆ ನೀರನ್ನು ಬಿಟ್ಟು ಮನುಷ್ಯನ ಮೇಲೆ ತಿರುಗುತ್ತದೆ. ‘ಎಷ್ಟು ನೀರು?’ ಎಂಬ ಪ್ರಶ್ನೆ ‘ನೀವು ಯಾರ ಕಡೆ?’ ಎಂದಾಗುತ್ತದೆ.

ಗಡಿಯ ಕನ್ನಡಿಗರಾದ ನಮಗೆ ಈ ಎರಡನೇ ಪ್ರಶ್ನೆಗೆ ಉತ್ತರವಿಲ್ಲ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಮಾತು ಕನ್ನಡ, ಪಹಣಿ ತೆಲುಗಿನದು, ಮಗಳನ್ನು ಕೊಟ್ಟಿರುವುದು ನದಿಯ ಆಚೆಗೆ. ಯಾರ ಕಡೆ ಅಂದರೆ ಏನೆಂದು ಹೇಳೋಣ?

ಆಲಮಟ್ಟಿಯನ್ನೇ ನೋಡಿ. ‘524 ಮೀಟರಿಗೆ ಒಪ್ಪಿಗೆ ಸಿಕ್ಕಿದೆ’ ಎಂದು ಒಬ್ಬರು ಬರೆಯುತ್ತಾರೆ, ‘ಸುಳ್ಳು, ಸಿಕ್ಕಿಲ್ಲ’ ಎಂದು ಇನ್ನೊಬ್ಬರು. ಇಬ್ಬರ ಕೈಯಲ್ಲೂ ಅರ್ಧರ್ಧ ಕಾಗದವಿದೆ. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ಬಿಟ್ಟಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 524.256 ಮೀಟರಿಗೆ ಹೂಂ ಅಂದಿತು. ಆದರೆ ಆ ತೀರ್ಪನ್ನು ಗೆಜೆಟ್ಟಿನಲ್ಲಿ ಪ್ರಕಟಿಸದಂತೆ 2011ರಲ್ಲಿ ಸುಪ್ರೀಂ ಕೋರ್ಟು ತಡೆದಿತು. ಇದನ್ನು ಮೂರು ಸಾಲಿನಲ್ಲಿ ಹೇಳಬಲ್ಲ ವಕೀಲರು ನಮ್ಮ ಗುಂಪುಗಳಲ್ಲೇ ಇದ್ದಾರೆ. ಗದ್ದಲದಲ್ಲಿ ಅವರು ಬಾಯಿ ಬಿಡುವುದಿಲ್ಲ, ಅಷ್ಟೆ.

ಕ್ಯೂಸೆಕ್ಕನ್ನೂ ಟಿಎಂಸಿಯನ್ನೂ ಕಲಸಿ ಜಗಳ ಮಾಡುವುದು ಇನ್ನೊಂದು. ಒಂದು ಲಕ್ಷ ಕ್ಯೂಸೆಕ್ ಒಂದು ಪೂರ್ತಿ ದಿನ ಹರಿದರೆ 8.64 ಟಿಎಂಸಿ. ಜುರಾಲದಲ್ಲಿ ನಿಲ್ಲುವುದೇ ಸುಮಾರು 9.66 ಟಿಎಂಸಿ. ಹಾಗಾಗಿ ಪ್ರವಾಹದ ದಿನಗಳಲ್ಲಿ ‘ಇಷ್ಟೊಂದು ನೀರು ಬಂತು’ ಎಂಬುದೂ ನಿಜ, ‘ನಮಗೆ ಉಳಿದದ್ದು ಇಷ್ಟೇ’ ಎಂಬುದೂ ನಿಜ.

ಎಲ್ಲಕ್ಕಿಂತ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವುದು ರಾಜೋಳಿಬಂಡಾ ಕಾಲುವೆ, ನಮ್ಮ ಬಾಯಲ್ಲಿ ಆರ್‌ಡಿಎಸ್. ಆನೆಕಟ್ಟು ತುಂಗಭದ್ರೆಗೆ ಅಡ್ಡಲಾಗಿ ರಾಯಚೂರು ಜಿಲ್ಲೆಯಲ್ಲಿದೆ, ಅಚ್ಚುಕಟ್ಟಿನ ಬಹುಪಾಲು ಆಲಂಪುರದ ಕಡೆ. ಬಚಾವತ್ ನ್ಯಾಯಾಧಿಕರಣ ಕೊಟ್ಟ 17.1 ಟಿಎಂಸಿಯಲ್ಲಿ ಕರ್ನಾಟಕಕ್ಕೆ 1.2, ನಮ್ಮ ಕಡೆಗೆ 15.9. ಕಾಗದದ ಮೇಲೆ ಇಲ್ಲಿನ ಅಚ್ಚುಕಟ್ಟು 87,500 ಎಕರೆ. ಕೊನೆಯ ಹೊಲದ ರೈತ ನೀರು ಬಂದಿಲ್ಲ ಅನ್ನುತ್ತಾನೆ. ಇಂಜಿನಿಯರು ಆನೆಕಟ್ಟಿನಲ್ಲಿ ಹೂಳು ತುಂಬಿದೆ, ಎಷ್ಟು ಎಳೆದರೂ ಇಷ್ಟೇ ಅನ್ನುತ್ತಾರೆ. ಮೂರನೆಯವರು ದಾರಿಯಲ್ಲಿ ಪಂಪು ಹಾಕುತ್ತಾರೆ ಅನ್ನುತ್ತಾರೆ. ಈ ಮೂರೂ ಒಟ್ಟಿಗೆ ನಿಜವಾಗಿರಬಹುದು. ಒಬ್ಬರ ಮಾತು ನಿಲ್ಲಬೇಕಾದರೆ ಇನ್ನೊಬ್ಬರು ಸುಳ್ಳುಗಾರರಾಗಬೇಕಿಲ್ಲ. ‘ಅಣ್ಣಾವ್ರೆ, ನೀವು ಹೇಳೋ ಅಳತೆ ಎಲ್ಲಿಯದು? ಮುಖ್ಯ ತೂಬಿಂದಾ, ಗಡಿಯದಾ, ಆಲಂಪುರದ ಕೊನೆಯದಾ?’ ಎಂದು ಕೇಳಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ‘ಸುಳ್ಳು ಹೇಳಬೇಡಿ’ ಅಂದರೆ ಅಲ್ಲಿಂದಲೇ ಶುರು.

ಶಿಕ್ಷಕರ ಗುಂಪುಗಳ ಸಂಕಟ ಬೇರೆ. 2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಕೃಷ್ಣಾ ಮಂಡಲದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕಲಿಸುವವರು ಮಕ್ಕಳ ಹೊರೆಯ ಬಗ್ಗೆ, ಪುಸ್ತಕದ ಬಗ್ಗೆ ಎರಡು ಮಾತು ಬರೆದರೆ ಅದು ತೆಲುಗಿನ ವಿರುದ್ಧ ಬರೆದಂತೆ ಓದುವವರಿದ್ದಾರೆ. ‘ಹಾಗಾದರೆ ಆ ಕಡೆಗೇ ಹೋಗಿ’ ಎಂಬ ಒಂದು ಸಾಲು ಸಾಕು, ಆ ಶಿಕ್ಷಕರು ಮತ್ತೆ ಬರೆಯುವುದಿಲ್ಲ. ನಷ್ಟವಾಗುವುದು ಮಕ್ಕಳಿಗೆ. ತೆಲುಗು ಪಂಡಿತರು ಕನ್ನಡದ ಮಗುವಿಗೆ ಯಾವ ಅಕ್ಷರದಲ್ಲಿ ಗೊಂದಲ ಎಂದು ಹೇಳಬಲ್ಲರು, ಎರಡು ಲಿಪಿ ಎಷ್ಟು ಹತ್ತಿರ ನೋಡಿ. ಅದನ್ನು ಕೇಳುವ ಜಾಗವೇ ಮುಚ್ಚಿಹೋಗುತ್ತದೆ.

ಇದಕ್ಕೆ ಅಡ್ಮಿನ್‌ಗಳು ಕಂಡುಕೊಂಡ ಮದ್ದು ‘ಇಲ್ಲಿ ರಾಜಕೀಯ ಬೇಡ’ ಎಂದು ಗುಂಪಿಗೆ ಬೀಗ ಹಾಕುವುದು. ನಮಗೆ ಇದು ಸರಿ ಕಾಣುವುದಿಲ್ಲ. ರಾಯಚೂರಿನ ಕಾಲುವೆ ಇಂಜಿನಿಯರೂ ಆಲಂಪುರದ ಕೃಷಿ ಅಧಿಕಾರಿಯೂ ಒಂದೇ ಪರದೆಯ ಮೇಲೆ ಸಿಗುವ ಜಾಗ ಇಂಥ ಗುಂಪು. ಬೀಗ ಬಿದ್ದ ಮೇಲೆ ಎರಡು ಗುಂಪುಗಳಾಗುತ್ತವೆ, ಆಮೇಲೆ ತಿದ್ದುವವರೇ ಇರುವುದಿಲ್ಲ.

ಅಡ್ಮಿನ್‌ಗಳ ಭಯವೂ ಸುಳ್ಳಲ್ಲ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟು ಹೇಳಿದೆ. ಆದರೆ ಹುಟ್ಟಿದ ಊರು, ವಾಸ, ಭಾಷೆಯ ಹೆಸರಲ್ಲಿ ದ್ವೇಷ ಹಬ್ಬಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಇದೆ. ಗಡಿಯ ಗುಂಪುಗಳಲ್ಲಿ ನಾಲಿಗೆ ಜಾರುವುದೂ ಈ ಮೂರರಲ್ಲೇ.

ನಾವು ಕೇಳಿಕೊಳ್ಳುವುದು ಇಷ್ಟು. ಅಂಕಿ ಹಾಕುವವರು ತಾರೀಖನ್ನೂ ಅಳತೆಯ ಜಾಗವನ್ನೂ ಹಾಕಲಿ. ತಪ್ಪು ಕಂಡವರು ಮೊದಲು ಆ ವ್ಯಕ್ತಿಗೇ ಫೋನು ಮಾಡಲಿ, ಅವರು ತಿದ್ದಿಕೊಂಡು ಬರೆದರೆ ಅದನ್ನು ಸೋಲೆಂದು ಯಾರೂ ಆಡಿಕೊಳ್ಳುವುದು ಬೇಡ. ಸಂಘದ ಮುಂದಿನ ಸಭೆಯಲ್ಲಿ ಆರ್‌ಡಿಎಸ್ ಬಗ್ಗೆ ಮಾತಾಡಲಿದ್ದೇವೆ. ಆಲಂಪುರದ ಕೊನೆಯ ಹೊಲದವರೂ ಆನೆಕಟ್ಟಿನ ಕಡೆಯವರೂ ತಮ್ಮ ತಮ್ಮ ಲೆಕ್ಕದ ಹಾಳೆ ಹಿಡಿದು ಬರಬೇಕು.