ಗಣಿ ಊರಿನ ಕಂಪನಿ ಅಂಗಡಿ: ಪುಕ್ಕಟೆ ಸೌಲಭ್ಯವೋ, ಸಾಲದ ಬಲೆಯೋ?

ಹಳೇ ಗಣಿ ಊರಿನ ಸುಂದರ ಕಟ್ಟಡದ ಫೋಟೊ, ಅದರ ಕೆಳಗೆ 'ಆ ಕಾಲದಲ್ಲಿ ಕಂಪನಿಯೇ ಮನೆ, ರೇಷನ್, ಆಸ್ಪತ್ರೆ ಎಲ್ಲ ಕೊಡುತ್ತಿತ್ತು' ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಕಂಪನಿ ಕೊಟ್ಟಿದ್ದು ನಿಜ, ಎಲ್ಲವನ್ನೂ ಪುಕ್ಕಟೆ ಕೊಟ್ಟಿತು ಎನ್ನುವುದು ನಿಜವಲ್ಲ.

ಅಂಗಡಿ ಮತ್ತು ಕಚೇರಿ ಅಕ್ಕಪಕ್ಕ ಏಕೆ?

ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಊರುಗಳಲ್ಲಿ ಇಂಥ ಕಟ್ಟಡಗಳು ಇಂದಿಗೂ ಉಳಿದಿವೆ. ಇಟ್‌ಮನ್ ಎಂಬಲ್ಲಿ ಅಂಗಡಿ, ಕಚೇರಿ ಎರಡೂ ಇದ್ದ ದೊಡ್ಡ ಕಲ್ಲಿನ ಕಟ್ಟಡವಿದೆ. ಸಂಬಳದ ಲೆಕ್ಕ, ಸಾಮಾನಿನ ಲೆಕ್ಕ ಒಂದೇ ಕಡೆ. ಅಲ್ಲಿನ ಎಷ್ಟೋ ಗಣಿಗಳಲ್ಲಿ ಕೂಲಿಯ ಒಂದು ಭಾಗವನ್ನು ಕಂಪನಿಯದೇ ಟೋಕನ್‌ನಲ್ಲಿ ಕೊಡುತ್ತಿದ್ದರು. ಆ ಟೋಕನ್ ಕಂಪನಿ ಅಂಗಡಿಯಲ್ಲಿ ಮಾತ್ರ ಪೂರ್ತಿ ಬೆಲೆಗೆ ನಡೆಯುತ್ತಿತ್ತು. ಬೇರೆ ಅಂಗಡಿ ಇಲ್ಲದ ಊರಲ್ಲಿ ಅವರು ಹೇಳಿದ್ದೇ ರೇಟು.

ಕೋಲಾರದ ಚಿನ್ನದ ಗಣಿಯಲ್ಲಿ?

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಕಂಪನಿ ಕಟ್ಟಿದ ಊರು ಎಂದರೆ ನಮಗೆ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅಲ್ಲಿ ಗಣಿಗಾರಿಕೆಗೆ ಇಳಿಯಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು ಮುಖ್ಯವಾಗಿ ಗಣಿಯ ಯಂತ್ರಗಳಿಗೆ. ಬಿಳಿಯ ಅಧಿಕಾರಿಗಳಿಗೆ ಬಂಗಲೆ, ಕ್ಲಬ್. ಕಾರ್ಮಿಕರಿಗೆ 'ಲೈನ್' ಎನ್ನುವ ಸಾಲು ಗುಡಿಸಲು. ಫೋಟೊದಲ್ಲಿ ಬರುವುದು ಬಂಗಲೆ ಮಾತ್ರ.

ಊರೇ ಕಂಪನಿಯದಾದರೆ ಇನ್ನೊಂದು ತೊಂದರೆಯಿದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿ ಮುಚ್ಚಿದಾಗ ಕೆಲಸ ಮಾತ್ರ ಹೋಗಲಿಲ್ಲ. ಕಂಪನಿ ಕ್ವಾರ್ಟರ್ಸ್‌ನಲ್ಲಿದ್ದವರಿಗೆ ಮನೆಯ ಚಿಂತೆಯೂ ಶುರುವಾಯಿತು.

ಕಾನೂನು ಏನು ಹೇಳುತ್ತದೆ?

ಕೂಲಿಗೆ ಬದಲು ಸಾಮಾನು ಕೊಡುವುದನ್ನು ತಡೆಯಲು ಬ್ರಿಟನ್ 1831ರಲ್ಲೇ ಕಾಯ್ದೆ ಮಾಡಿತ್ತು. ನಮ್ಮಲ್ಲಿ 1936ರ ವೇತನ ಪಾವತಿ ಕಾಯ್ದೆ ಸಂಬಳವನ್ನು ನಾಣ್ಯ ಅಥವಾ ನೋಟಿನಲ್ಲೇ ಕೊಡಬೇಕು ಎಂದಿತು. 2019ರ ವೇತನ ಸಂಹಿತೆಯಲ್ಲಿ ನಗದು, ಚೆಕ್ ಇಲ್ಲವೇ ಬ್ಯಾಂಕ್ ಖಾತೆಗೆ ಜಮಾ ಎಂದಿದೆ. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ಮೀರುವಂತಿಲ್ಲ.

ಇದು ನಮಗೇಕೆ?

ಬರ ಬಿದ್ದಾಗ ಪಾವಗಡ, ಮಧುಗಿರಿ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವುದು ಹೊಸದಲ್ಲ. ಉದಾಹರಣೆಗೆ ತಿಂಗಳಿಗೆ 12,000 ರೂಪಾಯಿ ಕೂಲಿ ಎನ್ನಿ. ಮೇಸ್ತ್ರಿ ಹೇಳಿದ ಅಂಗಡಿಯ ರೇಷನ್‌ಗೆ 5,000, ಅಡ್ವಾನ್ಸ್‌ಗೆ 4,000, ಶೆಡ್ ಬಾಡಿಗೆಗೆ 1,500 ಹಿಡಿದರೆ ಕೈಗೆ ಸಿಗುವುದು 1,500. ಮುಂದಿನ ತಿಂಗಳು ಮತ್ತೆ ಅಡ್ವಾನ್ಸ್. ಟೋಕನ್ ಇಲ್ಲ, ಆದರೆ ಲೆಕ್ಕ ಅದೇ.

ಮುಂಗಡ ಕೊಟ್ಟಿದ್ದೇವೆ ಎಂದು ಬೇರೆ ಕಡೆ ಹೋಗಲು ಬಿಡದಿದ್ದರೆ ಅದು ಜೀತ. 1976ರ ಕಾಯ್ದೆಯ ಪ್ರಕಾರ ಜೀತದ ಸಾಲ ತೀರಿಸಬೇಕಾಗಿಲ್ಲ, ಅದು ರದ್ದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೆ ಸೇರುತ್ತವೆ. ಇಂಥ ದೂರನ್ನು ಉಪವಿಭಾಗಾಧಿಕಾರಿಗೆ ಕೊಡಬಹುದು. ಬೇರೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದರೆ ಅಲ್ಲಿನ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ತಿಳಿಸಿ.

ಕೆಲಸಕ್ಕೆ ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಿ: ಕೂಲಿ ಎಷ್ಟು? ಯಾವುದಕ್ಕೆ ಎಷ್ಟು ಹಿಡಿಯುತ್ತೀರಿ? ರೇಷನ್ ಬೇರೆ ಅಂಗಡಿಯಲ್ಲಿ ತರಬಹುದೇ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಫಾರ್ವರ್ಡ್ ಮಾಡುವುದಾದರೆ ಈ ಮೂರು ಪ್ರಶ್ನೆಗಳನ್ನು ಮಾಡಿ.